ಪಚ್ಚನಾಡಿಯ ಹಳೆ ಗುಡ್ಡ ಕರಗಿಸಿದರೆ ಸಾಕೇ? ಹಸಿಕಸ ಲಾರಿ ಹತ್ತುವುದು ನಿಲ್ಲದಿದ್ದರೆ ಹೊಸ ಗುಡ್ಡ ಖಚಿತ

ಮಂಗಳೂರು: ಮನೆಯ ಕಸವನ್ನು ಇನ್ನು ನಾಲ್ಕು ಭಾಗ ಮಾಡಿ ಕೊಡಬೇಕು. ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮ–2026 ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಸಿಕಸ, ಒಣಕಸ, ಸ್ಯಾನಿಟರಿ ಕಸ ಮತ್ತು ಬಲ್ಬು, ಹಳೆ ಔಷಧಿ, ಪೇಂಟ್ ಡಬ್ಬಿಯಂತಹ ‘ವಿಶೇಷ ಕಾಳಜಿ’ಯ ಕಸ ಬೇರೆ ಬೇರೆಯಾಗಿಯೇ ಗಾಡಿಗೆ ಹೋಗಬೇಕು ಎನ್ನುತ್ತದೆ. ‘ಎರಡು ಮಾಡ್ಲಿಕ್ಕೇ ಆಗ್ತಾ ಇಲ್ಲ, ಇನ್ನು ನಾಲ್ಕಾ ಮಾರಾಯ್ರೆ?’ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ದೇಶದಲ್ಲಿ ಕಸಕ್ಕೆಂದೇ ಮೊದಲ ನಿಯಮ ಬಂದದ್ದು 2000ದಲ್ಲಿ. ಎರಡನೆಯದು 2016ರಲ್ಲಿ. ಈಗಿನದ್ದು ಮೂರನೆಯದು. ಭಾಷೆ ಬಿಗಿಯಾಗುತ್ತಾ ಬಂದಿದೆ, ಆದರೆ ಮೂರೂ ಹೇಳುವ ಮೂಲ ಮಾತು ಒಂದೇ: ಕಸ ಹುಟ್ಟಿದಲ್ಲೇ ಬೇರೆ ಮಾಡಿ. ಇಪ್ಪತ್ತಾರು ವರ್ಷವಾದರೂ ಅದು ಪೂರ್ತಿ ಆಗಲಿಲ್ಲ. ಆಗದಿದ್ದರೆ ಎಂತ ಆಗ್ತದೆ ಎಂಬುದಕ್ಕೆ ದಕ್ಷಿಣ ಕನ್ನಡದವರು ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. ವಾಮಂಜೂರಿನ ಪಕ್ಕದಲ್ಲೇ ಉಂಟು.

2019ರ ಆಗಸ್ಟ್‌ನಲ್ಲಿ ಆದದ್ದು

ಪಚ್ಚನಾಡಿಯ ಡಂಪಿಂಗ್ ಯಾರ್ಡ್‌ನಲ್ಲಿ ದಶಕಗಳಿಂದ ರಾಶಿ ಬಿದ್ದ ಕಸ 2019ರ ಆಗಸ್ಟ್‌ನ ಮಳೆಗೆ ಕುಸಿದು ಕೆಳಗಿನ ಮಂದಾರ ಪ್ರದೇಶಕ್ಕೆ ಹರಿಯಿತು. ಒಂದೇ ಸಲ ಧೊಪ್ಪನೆ ಬಿದ್ದದ್ದಲ್ಲ, ದಿನಗಟ್ಟಲೆ ನಿಧಾನವಾಗಿ ಮುಂದೆ ಸರಿಯುತ್ತಾ ಬಂತು. ಅಡಿಕೆ, ತೆಂಗಿನ ತೋಟಗಳು, ಬಾವಿಗಳು, ಮನೆಗಳು ಕಸದಡಿಗೆ ಹೋದವು. ಇಪ್ಪತ್ತಕ್ಕೂ ಹೆಚ್ಚು ಕುಟುಂಬಗಳನ್ನು ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಇರಿಸಬೇಕಾಯಿತು. ತೋಟದ ನಡುವಿನ ಮನೆಯಲ್ಲಿದ್ದವರು ರಾತ್ರೋರಾತ್ರಿ ಫ್ಲ್ಯಾಟ್‌ನವರಾದರು.

ಕೊಳೆನೀರು ಅಲ್ಲಿಗೇ ನಿಲ್ಲಲಿಲ್ಲ. ತೋಡುಗಳ ಮೂಲಕ ಫಲ್ಗುಣಿ ನದಿಯನ್ನು ಸೇರಿತು. ಮರವೂರು ಕಿಂಡಿ ಅಣೆಕಟ್ಟಿನ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆ ಹೈಕೋರ್ಟ್‌ವರೆಗೆ ಹೋಯಿತು. 2023ರ ಜನವರಿಯಲ್ಲಿ ಅದೇ ಯಾರ್ಡ್‌ಗೆ ಬೆಂಕಿ ಬಿದ್ದು ಸುತ್ತಲಿನವರು ಹೊಗೆ ಕುಡಿದರು. ಮಳೆಗಾಲದಲ್ಲಿ ಜಾರುವುದು, ಒಣಗಿದ ಮೇಲೆ ಉರಿಯುವುದು. ನೋಡಲಿಕ್ಕೆ ಎರಡು ಬೇರೆ ಅವಘಡ, ಕಾರಣ ಮಾತ್ರ ಒಂದೇ.

ಆ ಕಾರಣ ಮಿಶ್ರ ಕಸ. ಅನ್ನ, ತರಕಾರಿ ಸಿಪ್ಪೆ, ಮೀನಿನ ತಲೆ ಪ್ಲಾಸ್ಟಿಕ್ ತೊಟ್ಟೆಯೊಳಗೆ ಗಂಟು ಕಟ್ಟಿಕೊಂಡು ರಾಶಿಯ ಒಳಗೆ ಹೋದಾಗ ಗಾಳಿ ಸಿಗುವುದಿಲ್ಲ. ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಅನಿಲ ಹುಟ್ಟುತ್ತದೆ, ಅದು ಹೊತ್ತಿಕೊಳ್ಳುವ ಅನಿಲ. ಕೊಳೆತದ್ದರಿಂದ ಬಿಡುವ ರಸ ಮಳೆನೀರಿನೊಂದಿಗೆ ಸೇರಿ ಕಪ್ಪು ಕೊಳೆನೀರಾಗುತ್ತದೆ, ಎಂಜಿನಿಯರುಗಳು ಇದನ್ನು ಲೀಚೆಟ್ ಎನ್ನುತ್ತಾರೆ. ನಡುವೆ ಪದರ ಪದರವಾಗಿ ಪ್ಲಾಸ್ಟಿಕ್ ಇರುವುದರಿಂದ ನೀರು ಸರಾಗವಾಗಿ ಇಳಿಯದೆ ಒಳಗೇ ನಿಲ್ಲುತ್ತದೆ. ರಾಶಿಯ ಭಾರ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಕೊನೆಗೆ ಗುಡ್ಡ ಜಾರುತ್ತದೆ.

ಕರಾವಳಿಯ ಲೆಕ್ಕವೇ ಬೇರೆ

ಬಯಲುಸೀಮೆಯ ಊರಿನಲ್ಲಿ ಕಸ ಹಾಕಿದ ಹಾಗೆ ಇಲ್ಲಿ ಹಾಕಲಿಕ್ಕೆ ಆಗುವುದಿಲ್ಲ. ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 3,500 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಗುಣಿಸಿ ನೋಡಿದರೆ ತೆರೆದ ಕಸದ ರಾಶಿಯ ಒಂದು ಎಕರೆಯ ಮೇಲೆ ವರ್ಷಕ್ಕೆ 1.4 ಕೋಟಿ ಲೀಟರ್ ನೀರು ಬೀಳುತ್ತದೆ. ಹತ್ತು ಎಕರೆಗೆ 14 ಕೋಟಿ ಲೀಟರ್. ಅದರಲ್ಲಿ ಹೆಚ್ಚಿನ ಪಾಲು ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಆವಿಯಾಗಿ ಹೋಗುವುದು, ಮೇಲಿಂದಲೇ ಹರಿದುಹೋಗುವುದು ಬಿಟ್ಟರೂ ಉಳಿದದ್ದನ್ನು ಹಿಡಿದು ಶುದ್ಧ ಮಾಡುವ ಘಟಕ ಕಟ್ಟುವುದು ಸುಲಭದ ಮಾತಲ್ಲ.

ಜತೆಗೆ ಹಸಿಕಸದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ನೀರೇ. ಅಂದರೆ ಪಾಲಿಕೆಯ 60 ವಾರ್ಡುಗಳಿಂದ ದಿನಾ ಬೆಳಿಗ್ಗೆ ಡೀಸೆಲ್ ಸುಟ್ಟು ಪಚ್ಚನಾಡಿಗೆ ಸಾಗಿಸುವುದರಲ್ಲಿ ದೊಡ್ಡ ಪಾಲು ನೀರು. ನಗರದಲ್ಲಿ ದಿನಕ್ಕೆ ಸುಮಾರು 300 ಟನ್ ಕಸ ಹುಟ್ಟುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಭಾರತದ ನಗರಗಳ ಕಸದಲ್ಲಿ ಅರ್ಧದಷ್ಟು ಹಸಿಕಸವೇ ಇರುತ್ತದೆ. ಆ ಅರ್ಧ ಮನೆ, ಹೋಟೆಲ್, ಹಾಲ್‌ಗಳಲ್ಲೇ ಗೊಬ್ಬರವೋ ಗ್ಯಾಸೋ ಆಗಿ ಮುಗಿದರೆ ಲಾರಿಗಳ ಟ್ರಿಪ್ ಅಷ್ಟು ಕಡಿಮೆ, ವಾಸನೆ ಕಡಿಮೆ, ಲೀಚೆಟ್ ಕಡಿಮೆ. ಉಳಿದ ಒಣಕಸ ಕೊಳೆಯದೆ ಇರುವುದರಿಂದ ಅದಕ್ಕೆ ಬೆಲೆಯೂ ಸಿಗುತ್ತದೆ. ಗುಜರಿಯವರು ಸಾಂಬಾರು ಹತ್ತಿದ ರಟ್ಟನ್ನು ಮುಟ್ಟುವುದಿಲ್ಲ, ಒಣಗಿದ ರಟ್ಟನ್ನು ದುಡ್ಡು ಕೊಟ್ಟು ಕೊಂಡೊಯ್ಯುತ್ತಾರೆ.

ಹಳೆಯದ್ದು ತೆಗೆಯುವುದು ಅರ್ಧ ಕೆಲಸ

ಈಗ ಎಲ್ಲರ ಬಾಯಲ್ಲಿ ಇರುವ ಪದ ಬಯೋಮೈನಿಂಗ್. ಹಳೆಯ ರಾಶಿಯನ್ನು ಬಗೆದು, ಹರಡಿ ಒಣಗಿಸಿ, ತಿರುಗುವ ದೊಡ್ಡ ಜರಡಿಗೆ ಹಾಕಿ ಮಣ್ಣಿನಂಥ ಪುಡಿ, ಕಲ್ಲು, ಪ್ಲಾಸ್ಟಿಕ್–ಬಟ್ಟೆ ಚೂರುಗಳನ್ನು ಬೇರೆ ಮಾಡುವ ಕೆಲಸ ಇದು. ಪ್ಲಾಸ್ಟಿಕ್ ಚೂರು ಸಿಮೆಂಟ್ ಕಾರ್ಖಾನೆಗಳಿಗೆ ಇಂಧನವಾಗಿ ಹೋಗುತ್ತದೆ, ಕಲ್ಲು–ಮಣ್ಣು ತಗ್ಗು ತುಂಬಲು ಬಳಕೆಯಾಗುತ್ತದೆ. ಪಚ್ಚನಾಡಿಯಲ್ಲಿ ಇಂಥ ಪಾರಂಪರಿಕ ತ್ಯಾಜ್ಯ ಅಂದಾಜು 9 ಲಕ್ಷ ಟನ್ ಇದೆ ಎಂದು ಲೆಕ್ಕ ಹಾಕಲಾಗಿತ್ತು.

ಇದು ಆಗಲೇಬೇಕಾದ ಕೆಲಸ, ಅನುಮಾನವಿಲ್ಲ. ಆದರೆ ಇದಕ್ಕೆ ಎರಡು ಮಿತಿ ಉಂಟು. ಒಂದು, ಒದ್ದೆ ಕಸ ಜರಡಿಯ ಕಣ್ಣಿಗೆ ಅಂಟಿಕೊಳ್ಳುವುದರಿಂದ ಮಳೆಗಾಲದಲ್ಲಿ ಕೆಲಸ ಮುಂದೆ ಹೋಗುವುದೇ ಕಷ್ಟ. ಕರಾವಳಿಯಲ್ಲಿ ವರ್ಷದ ಮೂರರಲ್ಲಿ ಒಂದು ಪಾಲು ಹೀಗೆ ಕೈತಪ್ಪುತ್ತದೆ. ಎರಡು, ಒಂದು ಕಡೆಯಿಂದ ಹಳೆ ಕಸ ತೆಗೆಯುತ್ತಾ ಇನ್ನೊಂದು ಕಡೆಯಿಂದ ಹೊಸ ಮಿಶ್ರ ಕಸ ಸುರಿಯುತ್ತಾ ಇದ್ದರೆ ಅದು ತೂತಾದ ಕೊಡಪಾನಕ್ಕೆ ನೀರು ಸೇದಿದ ಹಾಗೆ. ಕೋಟಿಗಟ್ಟಲೆ ಖರ್ಚು ಮಾಡಿ ಖಾಲಿ ಮಾಡಿದ ಜಾಗದಲ್ಲಿ ಹತ್ತು ವರ್ಷದ ನಂತರ ಇನ್ನೊಂದು ಟೆಂಡರ್ ಕರೆಯಬೇಕಾಗುತ್ತದೆ.

‘ಬೇರೆ ಕಡೆ ಜಾಗ ನೋಡಿ’ ಎಂಬುದು ಇನ್ನೊಂದು ಸುಲಭದ ಮಾತು. ಯಾವ ಕಡೆ? ಬಂಟ್ವಾಳ ಪುರಸಭೆಯ ಕಂಚಿನಡ್ಕಪದವು ಘಟಕಕ್ಕೆ ಸಜಿಪನಡು ಗ್ರಾಮದವರ ವಿರೋಧ ವರ್ಷಗಟ್ಟಲೆ ನಡೆಯಿತು. ಅವರನ್ನು ತಪ್ಪು ಎನ್ನುವಂತಿಲ್ಲ. ಪೇಟೆಯವರ ಕೊಳೆತ ಕಸ ತಮ್ಮ ಬಾವಿಯ ಮೇಲ್ಬದಿಗೆ ಬರುವುದನ್ನು ಯಾವ ಊರಿನವರೂ ಒಪ್ಪುವುದಿಲ್ಲ, ಮಂದಾರ ನೋಡಿದ ಮೇಲಂತೂ ಇಲ್ಲವೇ ಇಲ್ಲ. ಕೊಳೆಯುವ ಕಸ ಬರುವುದಿಲ್ಲ, ಒಣಕಸ ಮಾತ್ರ ಎಂದು ಖಾತರಿ ಕೊಟ್ಟು, ಅದನ್ನು ಪಾಲಿಸಿ ತೋರಿಸಿದರೆ ಮಾತ್ರ ಜಾಗದ ಮಾತು ಮುಂದೆ ಹೋದೀತು.

ಹಳ್ಳಿಯ ಕಥೆ: ಗಾಡಿ ಬಂತು, ಹಸಿಕಸ ಉಳಿಯಿತು

ಗ್ರಾಮ ಪಂಚಾಯತ್‌ಗಳಲ್ಲಿ ಬದಲಾವಣೆ ಆಗಿದೆ ಎಂಬುದನ್ನು ಒಪ್ಪಲೇಬೇಕು. ಸ್ವಚ್ಛ ಭಾರತ್ ಮಿಷನ್‌ನ ಗ್ರಾಮೀಣ ಯೋಜನೆಯಡಿ ಒಣಕಸ ಘಟಕಗಳು ಎದ್ದಿವೆ. ‘ಸ್ವಚ್ಛ ವಾಹಿನಿ’ ಗಾಡಿಗಳನ್ನು ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರೇ ಓಡಿಸುತ್ತಿದ್ದಾರೆ. ಸ್ಟೀರಿಂಗ್ ಹಿಡಿಯುವುದನ್ನು ಇದಕ್ಕಾಗಿಯೇ ಕಲಿತವರು ಅವರಲ್ಲಿ ಅನೇಕರು. ಉಡುಪಿ ಜಿಲ್ಲೆಯ ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಪಂಚಾಯತ್‌ಗಳ ಒಣಕಸವನ್ನು ಒಂದೇ ಕಡೆ ತಂದು ವಿಂಗಡಿಸುವ ದಿನಕ್ಕೆ 10 ಟನ್ ಸಾಮರ್ಥ್ಯದ ಎಂಆರ್‌ಎಫ್ ಘಟಕ ಬಂತು. ಅದೇ ದಾರಿಯಲ್ಲಿ ಮಂಗಳೂರು ತಾಲೂಕಿನ ತೆಂಕ ಎಡಪದವಿನಲ್ಲೂ ಘಟಕ ಆಯಿತು. ಚಿಪ್ಸ್ ಪೊಟ್ಟಣ, ಹಾಲಿನ ತೊಟ್ಟೆ, ಹಳೆ ಚಪ್ಪಲಿ ಹೀಗೆ ಬಿಡಿಯಾಗಿ ಯಾರೂ ಕೊಳ್ಳದ ಕಸ ಟನ್‌ಗಟ್ಟಲೆ ಒಂದು ಕಡೆ ಸೇರಿ ಬೇಲ್ ಆದಾಗ ಅದಕ್ಕೂ ಹೋಗುವ ದಾರಿ ಸಿಗುತ್ತದೆ. ಒಂದೇ ಪಂಚಾಯತ್‌ಗೆ ಇದು ಸಾಧ್ಯವಿಲ್ಲ, ನಲ್ವತ್ತು ಸೇರಿದರೆ ಸಾಧ್ಯ.

ಆದರೆ ಈ ಇಡೀ ಏರ್ಪಾಡು ನಿಂತಿರುವುದು ಒಂದು ನಂಬಿಕೆಯ ಮೇಲೆ. ಹಳ್ಳಿಯವರ ಹಸಿಕಸ ಅವರವರ ತೋಟದಲ್ಲೇ ಮುಗಿಯುತ್ತದೆ, ಪಂಚಾಯತ್ ಒಣಕಸ ಮಾತ್ರ ನೋಡಿಕೊಂಡರೆ ಸಾಕು ಎಂಬುದೇ ಆ ನಂಬಿಕೆ. ಹಿಂದೆ ಅದು ನಿಜವೂ ಆಗಿತ್ತು. ಮುಸುರೆ ದನಕ್ಕೆ, ಸಿಪ್ಪೆ ಗೊಬ್ಬರದ ಗುಂಡಿಗೆ, ಮೀನು ತೊಳೆದ ನೀರು ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಈಗ ಹೆದ್ದಾರಿ ಬದಿಯ ಪಂಚಾಯತ್‌ಗಳನ್ನು ಹಳ್ಳಿ ಎನ್ನುವುದು ಕಾಗದದಲ್ಲಿ ಮಾತ್ರ. ಅಲ್ಲಿ ಬಾಡಿಗೆ ಮನೆಗಳ ಸಾಲು ಉಂಟು, ಫ್ಲ್ಯಾಟ್ ಉಂಟು, ಕೋಳಿ ಅಂಗಡಿ, ಮೀನು ಮಾರ್ಕೆಟ್, ಹೋಟೆಲ್, ಬೊಂಡದ ಅಂಗಡಿ, ಸಾವಿರ ಜನ ಉಣ್ಣುವ ಮದುವೆ ಹಾಲ್ ಉಂಟು. ದನ ಇಲ್ಲ, ಗುಂಡಿ ತೋಡಲು ಜಾಗ ಇಲ್ಲ. ಸ್ವಚ್ಛ ವಾಹಿನಿಯವರು ‘ಹಸಿ ತೆಗೆದುಕೊಳ್ಳುವುದಿಲ್ಲ’ ಎನ್ನುತ್ತಾರೆ. ಅವರ ತಪ್ಪಲ್ಲ, ಘಟಕದಲ್ಲಿ ಅದಕ್ಕೆ ವ್ಯವಸ್ಥೆಯೇ ಇಲ್ಲ.

ಹಾಗಾದರೆ ಆ ಕಸ ಎಲ್ಲಿಗೆ ಹೋಗ್ತದೆ? ಬೆಳಗಾಗುವ ಮೊದಲು ಸ್ಕೂಟರ್‌ನ ಕಾಲಿನ ಹತ್ತಿರ ಕೂತು ಸೇತುವೆಯವರೆಗೆ. ರಾತ್ರಿ ಗೂಡ್ಸ್ ಗಾಡಿಯಲ್ಲಿ ಗುಡ್ಡದ ತಿರುವಿನವರೆಗೆ. ರಸ್ತೆ ಬದಿಯಲ್ಲಿ ಬಿದ್ದಿರುವ ತೊಟ್ಟೆಗಳನ್ನು ಬಿಚ್ಚಿ ನೋಡಿದರೆ ಒಳಗೆ ಸಿಗುವುದು ಹೆಚ್ಚಾಗಿ ಅಡುಗೆಮನೆಯ ಕಸ, ಕೋಳಿ ತ್ಯಾಜ್ಯ ಮತ್ತು ಡೈಪರ್. ಅಂದರೆ ಗಾಡಿ ಒಯ್ಯದೆ ಬಿಟ್ಟದ್ದು. ಸಿಸಿ ಕ್ಯಾಮೆರಾ ಹಾಕಿ, ದಂಡ ಹಾಕಿ, ‘ಕಸ ಎಸೆದರೆ ಕ್ರಮ’ ಎಂದು ಬೋರ್ಡ್ ಹಾಕಿದರೆ ತೊಟ್ಟೆ ಮುಂದಿನ ತಿರುವಿಗೆ ಹೋಗುತ್ತದೆ ಅಷ್ಟೆ. ಎಸೆಯುವವನಿಗೆ ದಂಡ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಸೆಯದೆ ಇರಲು ಒಂದು ದಾರಿ ತೋರಿಸಿದ ಮೇಲೆ ಹಾಕುವ ದಂಡಕ್ಕೆ ಬೆಲೆ ಜಾಸ್ತಿ.

ಡೈಪರ್, ಪ್ಯಾಡ್‌ಗಳ ವಿಷಯ ಇನ್ನೂ ಕಷ್ಟದ್ದು. ಬೇರೆಯಾಗಿ ಸುತ್ತಿ ಕೊಡಬೇಕು ಎಂದು 2016ರ ನಿಯಮವೇ ಹೇಳಿತ್ತು. ಕೊಟ್ಟರೆ ತೆಗೆದುಕೊಂಡು ಹೋಗುವವರು ಯಾರು, ಎಲ್ಲಿಗೆ ಎಂಬುದು ಹಳ್ಳಿಗಳಲ್ಲಿ ಬಗೆಹರಿಯಲಿಲ್ಲ. ಕೆಲವರು ಹಿತ್ತಿಲಲ್ಲಿ ಸುಡುತ್ತಾರೆ, ಕೆಲವರು ತೋಡಿಗೆ ಬಿಡುತ್ತಾರೆ. ಒಣಕಸದೊಂದಿಗೆ ಸೇರಿಸಿ ಕೊಟ್ಟರೆ ಘಟಕದಲ್ಲಿ ಕೈಯಿಂದ ಹೆಕ್ಕುವ ಹೆಂಗಸರ ಪಾಡು ಹೇಳತೀರದು. ಸ್ಯಾನಿಟರಿ ಕಸಕ್ಕೆ ಹೊಸ ನಿಯಮ ಪ್ರತ್ಯೇಕ ಡಬ್ಬಿ ಹೇಳಿರುವುದು ಇದೇ ಕಾರಣಕ್ಕೆ. ಡಬ್ಬಿ ಮನೆಯಲ್ಲಿ ಇದ್ದರೆ ಸಾಲದು, ಗಾಡಿಯಲ್ಲೂ ಇರಬೇಕು.

ಐವತ್ತು ರೂಪಾಯಿಯ ಪ್ರಶ್ನೆ

ಹಣದ ಲೆಕ್ಕವನ್ನೂ ನೋಡಬೇಕು. 1,500 ಮನೆಗಳ ಒಂದು ಪಂಚಾಯತ್ ಎಂದಿಟ್ಟುಕೊಳ್ಳಿ. ಮನೆಗೆ ತಿಂಗಳಿಗೆ 50 ರೂಪಾಯಿ ಶುಲ್ಕ ಎಲ್ಲರೂ ಕೊಟ್ಟರೆ 75,000 ರೂಪಾಯಿ ಆಗ್ತದೆ. ಅರ್ಧ ಜನ ಕೊಟ್ಟರೆ 37,500. ಅದರಲ್ಲಿ ಚಾಲಕಿ, ಸಹಾಯಕಿಯ ಗೌರವಧನ, ಡೀಸೆಲ್, ಟಯರ್, ವಿಂಗಡಣೆಯವರ ಕೂಲಿ, ಕರೆಂಟ್ ಬಿಲ್ ಎಲ್ಲ ಬರಬೇಕು. ಬರದಿದ್ದರೆ ಮೊದಲು ತಪ್ಪುವುದು ಗೌರವಧನ, ನಂತರ ಗಾಡಿಯ ಟ್ರಿಪ್. ವಾರಕ್ಕೆ ಎರಡು ಸಲ ಬರುತ್ತಿದ್ದ ಗಾಡಿ ಹದಿನೈದು ದಿನಕ್ಕೊಮ್ಮೆ ಬಂದರೆ ‘ಗಾಡಿಯೇ ಬರುದಿಲ್ಲ, ದುಡ್ಡು ಯಾಕೆ ಕೊಡುದು?’ ಎಂದು ಇನ್ನಷ್ಟು ಮನೆಯವರು ನಿಲ್ಲಿಸುತ್ತಾರೆ.

15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 30 ನೈರ್ಮಲ್ಯಕ್ಕೇ ಮೀಸಲಾಗಿತ್ತು. ಕಟ್ಟಡ, ಗಾಡಿ ತೆಗೆದುಕೊಳ್ಳಲು ಇಂಥ ದುಡ್ಡು ಸಿಗ್ತದೆ. ದಿನದಿನದ ಓಡಾಟದ ಖರ್ಚಿಗೆ ಊರಿನವರ ಕಿಸೆಯೇ ಗತಿ. ತಿಂಗಳ ಮೊಬೈಲ್ ರೀಚಾರ್ಜ್‌ಗೆ ಲೆಕ್ಕ ನೋಡದ ಮನೆಗಳಲ್ಲಿ ಐವತ್ತು ರೂಪಾಯಿಗೆ ಚರ್ಚೆ ಆಗುವುದು, ಕಸ ಗೇಟಿನಿಂದ ಆಚೆ ಹೋದರೆ ಮುಗಿಯಿತು ಎಂಬ ಭಾವನೆಯಿಂದ.

ಗಡಿಯಾಚೆ ಏನು ನಡೆದಿದೆ?

ಇದೇ ಮಳೆ, ಇದೇ ಅಡುಗೆ, ಇದಕ್ಕಿಂತ ಕಡಿಮೆ ಜಾಗ ಇರುವ ಕೇರಳದ ಆಲಪ್ಪುಳ ನಗರದ ಕಸ ಹಿಂದೆ ಪಕ್ಕದ ಸರ್ವೋದಯಪುರಕ್ಕೆ ಹೋಗುತ್ತಿತ್ತು. 2012ರಲ್ಲಿ ಆ ಊರಿನವರು ಲಾರಿ ತಡೆದು ಕೂತರು. ಬೇರೆ ದಾರಿ ಇಲ್ಲದೆ ನಗರಸಭೆ ಮನೆಮನೆಗೆ ಪೈಪ್ ಕಾಂಪೋಸ್ಟ್, ಸಣ್ಣ ಬಯೋಗ್ಯಾಸ್ ಕೊಟ್ಟಿತು. ಜಾಗ ಇಲ್ಲದವರಿಗಾಗಿ ಬಡಾವಣೆಗಳಲ್ಲಿ ಗಾಳಿಯಾಡುವ ಗೊಬ್ಬರದ ತೊಟ್ಟಿಗಳನ್ನು ಕಟ್ಟಿತು. 2017ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಜಗತ್ತಿನ ಐದು ಮಾದರಿ ನಗರಗಳ ಸಾಲಿನಲ್ಲಿ ಆಲಪ್ಪುಳವನ್ನು ಹೆಸರಿಸಿತು.

ಪಕ್ಕದ ಕಾಸರಗೋಡಿನಲ್ಲಿ ನೆಂಟರಿರುವವರಿಗೆ ‘ಹರಿತ ಕರ್ಮ ಸೇನೆ’ ಗೊತ್ತುಂಟು. ಹಸಿರು ಬಟ್ಟೆಯ ಹೆಂಗಸರು ಮನೆಮನೆಗೆ ಬಂದು ತೊಳೆದು ಒಣಗಿಸಿದ ಪ್ಲಾಸ್ಟಿಕ್ ಒಯ್ಯುತ್ತಾರೆ, ಶುಲ್ಕ ತೆಗೆದುಕೊಳ್ಳುತ್ತಾರೆ. ಹಾಗೆಂದು ಕೇರಳದಲ್ಲಿ ಎಲ್ಲವೂ ಸರಿಯಾಗಿದೆ ಎಂದಲ್ಲ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸದ ರಾಶಿ ಹತ್ತು ದಿನಕ್ಕೂ ಹೆಚ್ಚು ಉರಿದು ನಗರವಿಡೀ ಹೊಗೆ ತುಂಬಿತು. ಒಂದೇ ರಾಜ್ಯದ ಎರಡು ನಗರ: ಒಂದು ಹಸಿಕಸವನ್ನು ಮನೆಯಲ್ಲೇ ತಡೆಯಲು ಹೊರಟಿತು, ಇನ್ನೊಂದು ಎಲ್ಲವನ್ನೂ ಒಂದೇ ಕಡೆ ರಾಶಿ ಹಾಕಿತು.

‘ನಮ್ಮಲ್ಲಿ ಆಗುದಿಲ್ಲ’ ಎಂಬುದಕ್ಕೆ

ಪೈಪ್ ಕಾಂಪೋಸ್ಟ್ ಎಂದರೆ ದೊಡ್ಡ ವಿದ್ಯೆ ಅಲ್ಲ. ಎಂಟು ಇಂಚು ಅಗಲದ ಎರಡು ಪಿವಿಸಿ ಪೈಪ್, ಒಂದಡಿ ಮಣ್ಣಿನೊಳಗೆ, ಉಳಿದದ್ದು ಮೇಲೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹಾಕುವುದು. ಅದು ತುಂಬುವಷ್ಟರಲ್ಲಿ ಮೊದಲಿನದು ಗೊಬ್ಬರ. ಆಗಾಗ ಸ್ವಲ್ಪ ಸೆಗಣಿ ನೀರು ಅಥವಾ ಹುಳಿ ಮಜ್ಜಿಗೆ, ಮೇಲೆ ಮಳೆನೀರು ಇಳಿಯದಂತೆ ಮುಚ್ಚಳ. ಫ್ಲ್ಯಾಟ್‌ನವರಿಗೆ ತೂತಿರುವ ಡಬ್ಬಿ, ಜತೆಗೆ ತೆಂಗಿನ ನಾರಿನ ಪುಡಿ ಅಥವಾ ತರಗೆಲೆ. ವಾಸನೆ ಬಂತೆಂದರೆ ಅರ್ಥ ಒಂದೇ, ಒದ್ದೆ ಜಾಸ್ತಿಯಾಗಿದೆ, ಒಣ ಎಲೆ ಕಡಿಮೆಯಾಗಿದೆ.

ಮೀನು, ಕೋಳಿ ತ್ಯಾಜ್ಯವನ್ನು ಮನೆಯ ಡಬ್ಬಿಯಲ್ಲಿ ನಿಭಾಯಿಸುವುದು ಕಷ್ಟ, ನಿಜ. ಆದರೆ ಅಂಗಡಿಗಳದ್ದು ಮನೆಯ ಕಸ ಅಲ್ಲ, ವ್ಯಾಪಾರದ ಕಸ. ಅದರ ವಿಲೇವಾರಿ ಪರವಾನಗಿಯ ಷರತ್ತಿನಲ್ಲೇ ಇರಬೇಕು. ದೊಡ್ಡವರ ವಿಷಯದಲ್ಲಿ ಹೊಸ ನಿಯಮ ಸ್ಪಷ್ಟ: ದಿನಕ್ಕೆ 100 ಕೆ.ಜಿ. ಅಥವಾ ಹೆಚ್ಚು ಕಸ, ಇಲ್ಲವೇ 40,000 ಲೀಟರ್ ನೀರಿನ ಬಳಕೆ, ಇಲ್ಲವೇ 20,000 ಚದರ ಮೀಟರ್ ಕಟ್ಟಡ ಇದ್ದರೆ ಅವರು ‘ಸಗಟು ಕಸ ಉತ್ಪಾದಕರು’. ಸಾಧ್ಯವಾದಷ್ಟೂ ತಮ್ಮ ಹಸಿಕಸವನ್ನು ತಮ್ಮ ಆವರಣದಲ್ಲೇ ಮುಗಿಸುವುದು ಅವರ ಹೊಣೆ. ಬೇರೆ ಮಾಡದ ಕಸವನ್ನು ಲ್ಯಾಂಡ್‌ಫಿಲ್‌ಗೆ ಕಳಿಸುವ ಸ್ಥಳೀಯ ಸಂಸ್ಥೆಗಳಿಗೂ ಹೆಚ್ಚಿನ ಶುಲ್ಕ ಬೀಳುತ್ತದೆ.

ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಹಾಸ್ಟೆಲ್‌ಗಳಿಂದ ತುಂಬಿರುವ ಮಂಗಳೂರಿನಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ. ಸಾವಿರಾರು ಮನೆಗಳ ಮನಸ್ಸು ಬದಲಾಯಿಸುವುದಕ್ಕಿಂತ ಕೆಲವು ನೂರು ದೊಡ್ಡ ಕಟ್ಟಡಗಳಲ್ಲಿ ನಿಯಮ ಜಾರಿ ಮಾಡುವುದು ಸುಲಭ, ಪರಿಣಾಮವೂ ಬೇಗ ಕಾಣುತ್ತದೆ. ಮೊದಲು ಅಲ್ಲಿಂದ ಶುರು ಮಾಡಿದರೆ ‘ದೊಡ್ಡವರನ್ನು ಬಿಟ್ಟು ಬಡವರ ಬಕೆಟ್ ನೋಡ್ತಾರೆ’ ಎಂಬ ಮಾತೂ ಬರುವುದಿಲ್ಲ.

ಗ್ರಾಮಸಭೆ, ವಾರ್ಡ್ ಸಭೆಯಲ್ಲಿ ಕೇಳಬೇಕಾದದ್ದು

ಕಸದ ವಿಷಯ ಸಭೆಗಳಲ್ಲಿ ಬರುವುದು ಹೆಚ್ಚಾಗಿ ‘ನಮ್ಮ ರಸ್ತೆಗೆ ಗಾಡಿ ಬಂದಿಲ್ಲ’ ಎಂಬ ದೂರಾಗಿ. ಅದರ ಜತೆಗೆ ಇನ್ನು ಕೆಲವು ಪ್ರಶ್ನೆ ಕೇಳುವುದು ಒಳ್ಳೆಯದು.

- ಕಳೆದ ತಿಂಗಳು ಸಂಗ್ರಹವಾದ ಕಸ ಎಷ್ಟು, ಅದರಲ್ಲಿ ಹಸಿ ಎಷ್ಟು, ಮಿಶ್ರ ಎಷ್ಟು?
- ವ್ಯಾಪ್ತಿಯಲ್ಲಿ ಸಗಟು ಕಸ ಉತ್ಪಾದಕರು ಎಷ್ಟು ಜನ, ಪಟ್ಟಿ ಎಲ್ಲಿದೆ?
- ಕೋಳಿ, ಮೀನು ಅಂಗಡಿಗಳ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ, ಯಾರು ಒಯ್ಯುತ್ತಾರೆ?
- ಸ್ಯಾನಿಟರಿ ಕಸಕ್ಕೆ ಗಾಡಿಯಲ್ಲಿ ಬೇರೆ ಡಬ್ಬಿ ಇದೆಯೇ?
- ಶುಲ್ಕ ಎಷ್ಟು ಮನೆಯಿಂದ ಬಂತು, ಗಾಡಿಯ ಮಹಿಳೆಯರ ಗೌರವಧನ ಯಾವ ತಿಂಗಳವರೆಗೆ ಪಾವತಿಯಾಗಿದೆ?
- ಗುಂಡಿ ತೋಡಲು ಜಾಗ ಇಲ್ಲದ ಬಾಡಿಗೆ ಮನೆಗಳಿಗೆ ಸಾಮೂಹಿಕ ಗೊಬ್ಬರದ ತೊಟ್ಟಿ ಎಲ್ಲಿ?

ಇವುಗಳಿಗೆ ಉತ್ತರ ಇರುವ ಪಂಚಾಯತ್‌ನಲ್ಲಿ ಕೆಲಸ ನಡೆಯುತ್ತಿದೆ ಎಂದು ತಿಳಿಯಬಹುದು. ಉತ್ತರ ಇಲ್ಲದ ಕಡೆ ಘಟಕದ ಉದ್ಘಾಟನೆಯ ಕಲ್ಲು ಮಾತ್ರ ಇರುತ್ತದೆ.

ಮಂದಾರದವರು ಕಸ ಹಾಕಿ ಮನೆ ಕಳೆದುಕೊಂಡದ್ದಲ್ಲ. ಊರೆಲ್ಲ ಒಂದೇ ತೊಟ್ಟೆಗೆ ತುಂಬಿ ಕಳಿಸಿದ್ದು ಅವರ ತೋಟಕ್ಕೆ ಬಂತು. ಜೂನ್ ಬಂದರೆ ಪಚ್ಚನಾಡಿಯ ಮೇಲೆ ಮಳೆ ಬಿದ್ದೇ ಬೀಳುತ್ತದೆ, ಅದನ್ನು ಯಾವ ಇಲಾಖೆಯೂ ನಿಲ್ಲಿಸಲಾರದು. ಆ ಮಳೆಗೆ ಕೊಳೆಯಲು ಏನು ಸಿಗಬೇಕು, ಏನು ಸಿಗಬಾರದು ಎಂಬುದು ಮಾತ್ರ ಪ್ರತಿದಿನ ಬೆಳಿಗ್ಗೆ ಅಡುಗೆಮನೆಗಳಲ್ಲಿ, ಹೋಟೆಲ್‌ಗಳ ಹಿಂಬದಿಯಲ್ಲಿ ತೀರ್ಮಾನವಾಗುವ ವಿಷಯ.